ಮನೇಲಿ ಕೇಳಿ ಹೇಳ್ತೀನಿ

ಆ ದಿನ ಅವಳ ಗಂಡ ತಿಂಡಿ ತಟ್ಟೆ ಮುಂದಿಟ್ಟುಕೊಂಡೇ ಮಧ್ಯಾಹ್ನದವರೆಗೆ ಕಂಪ್ಯೂಟರಿನ ಜೊತೆ ಗುದ್ದಾಡಿದರು. ಮೂವತ್ತು ವರ್ಷ ಮನೆಮನೆಗೂ ಹೋಗಿ ನೀರಿನ ಮೀಟರ್ ಓದಿದ ಮನುಷ್ಯ. ನಿವೃತ್ತಿಯಾದ ಮೇಲೆ ಸುಮ್ಮನಿರಬೇಕಿತ್ತು. ಇರಲಿಲ್ಲ. ಕಂಪ್ಯೂಟರ್ ಕ್ಲಾಸಿಗೆ ಸೇರಿ, ಹೆಂಡತಿಯ ಬಟ್ಟೆ ರಿಪೇರಿ ಅಂಗಡಿಗೆ ವೆಬ್‌ಸೈಟ್ ಕಟ್ಟಿದರು. (ಅಂಗಡಿಯ ಬಾಗಿಲು ಸರಿಮಾಡಿಸಿ ಎಂದು ಅವಳು ಹೇಳಿ ಎರಡು ವರ್ಷವಾಗಿತ್ತು.)

"ನೋಡೇ, ಇದಕ್ಕೆ ಆಬ್ಜೆಕ್ಟ್ ಅಂತಾರೆ. ಜಿಪ್ಪಿಗೊಂದು, ತೋಳಿಗೊಂದು, ಪ್ಯಾಂಟಿನ ಕಾಲಿಗೊಂದು. ಅದರದರ ಕೆಲಸ ಅದಕ್ಕೆ. ಒಂದರ ಹೊಟ್ಟೆಯೊಳಗೆ ಇನ್ನೊಂದು ಕೈ ಹಾಕೋ ಹಾಗಿಲ್ಲ. ಮೀಟರ್ ಇದ್ದ ಹಾಗೆ. ಗಾಜಲ್ಲಿ ಓದ್ಬೇಕು, ಡಬ್ಬಿ ಬಿಚ್ಬಾರ್ದು."

"ಮಾದರಿ ಕಾಗದ ಒಂದು, ಅದರಿಂದ ನೂರು ಅಂಗಿ. ಅಷ್ಟೇ ತಾನೇ?"

"ಆ ಮಾದರಿ ಕಾಗದಕ್ಕೇ ಕಂಪ್ಯೂಟರಲ್ಲಿ ಕ್ಲಾಸ್ ಅನ್ನೋದು! ನಿಂಗೆ ಹೇಗೆ ಗೊತ್ತು?"

"ಇಪ್ಪತ್ತು ವರ್ಷದಿಂದ ಕತ್ತರಿಸ್ತಿದ್ದೀನಿ. ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ. ತಟ್ಟೆ ಎತ್ತಿ."

ತಟ್ಟೆ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಏಳಲಿಲ್ಲ.

ತಿಂಗಳಾದ ಮೇಲೆ ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತಳು. ನೊಣ ಹೊಡೆಯೋಣವೆಂದರೆ ನೊಣವೂ ಬರಲಿಲ್ಲ. ಇನ್ನು ಹೊಟ್ಟೆ ತುಂಬಬೇಕಾದದ್ದು ಆ ಯಂತ್ರದಿಂದಲೇ. ನಾಲ್ಕನೇ ದಿನ ಹಳೆಯ ಗಿರಾಕಿ, ಶಾಲೆಯ ಟೀಚರು, ಬೀದಿಯಲ್ಲಿ ಸಿಕ್ಕಳು.

"ಏನಮ್ಮಾ, ಒಂದು ಜಿಪ್ಪಿಗೆ ಎಷ್ಟು ಸಲ ಕೇಳೋದು? ನಿಮ್ಮ ವೆಬ್‌ಸೈಟು 'ಮನೇಲಿ ಕೇಳಿ ಹೇಳ್ತೀನಿ' ಅನ್ನುತ್ತೆ. ತಿಂಗಳಿಂದ ಕೇಳ್ತಾನೇ ಇದೆ! ಕೊನೆಗೆ ಪಕ್ಕದ ಬೀದೀಲಿ ಕೊಟ್ಟೆ."

ಅದು ಗಂಡನದೇ ಮಾತು. ಮದುವೆಗೆ ಕರೆದರೂ, ಪ್ರವಾಸಕ್ಕೆ ಕರೆದರೂ, ಊರಿಗೆಲ್ಲ ಅವರು ಹೇಳುತ್ತಿದ್ದುದು ಅದೊಂದೇ.

ಅವರಿಗೆ ಕಂಪ್ಯೂಟರ್ ಕಲಿಸಿದ ಹುಡುಗಿಯನ್ನು ಕರೆಸಿದಳು. ಹುಡುಗಿ ನೋಡಿ ಹೇಳಿದಳು: "ಅಂಕಲ್ ಚೆನ್ನಾಗೇ ಕಟ್ಟಿದ್ದಾರೆ ಆಂಟಿ. ಆದ್ರೆ ಜಿಪ್ಪು, ತೋಳು, ಕಾಲು ಎಲ್ಲವೂ ಒಂದರ ಹತ್ರ ಹೋಗಿ ಅಪ್ಪಣೆ ಕೇಳ್ತವೆ. ಅದರ ಹೆಸರು 'ಯಜಮಾನ'."

"ಗೊತ್ತಿತ್ತು! ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ, ಅಲ್ಲಿ ಹೋಗಿ ಯಜಮಾನ! ನನ್ನ ಅಂಗಡಿಗೆ! ಕಿತ್ತು ಬಿಸಾಕಮ್ಮ."

"ಒಂದ್ನಿಮಿಷ, ಒಳಗೆ ನೋಡ್ತೀನಿ."

"ಒಳಗೆ ನೋಡ್ಬಾರ್ದು ಅಂತ ಅವರು ಹೇಳ್ತಿದ್ರಲ್ಲ?"

"ಬೇರೆ ಆಬ್ಜೆಕ್ಟು ನೋಡ್ಬಾರ್ದು. ರಿಪೇರಿಯವರು ನೋಡ್ಬಹುದು." ಹುಡುಗಿ ಓದಿದಳು. ಮತ್ತೆ ಓದಿದಳು. "ಆಂಟಿ, ಈ ಯಜಮಾನನಿಗೆ ಸ್ವಂತ ಕೆಲಸವೇ ಇಲ್ಲ. ಯಾರು ಏನು ಕೇಳಿದ್ರೂ 'ಮನೆಯವಳು' ಅನ್ನೋದರ ಹತ್ರ ಹೋಗುತ್ತೆ. ಅದು ಹೂಂ ಅಂದ್ರೆ ಇದೂ ಹೂಂ. ಅದು ಸುಮ್ಮನಿದ್ರೆ, ಮನೇಲಿ ಕೇಳಿ ಹೇಳ್ತೀನಿ."

ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು.

"ಆ ಮನೆಯವಳು ಏನು ಮಾಡ್ತಾಳೆ?"

"ದಿನಾ ಬೆಳಿಗ್ಗೆ ಒಂದೇ ಪ್ರಶ್ನೆಗೆ ಉತ್ತರ ಕೊಡ್ಬೇಕು. 'ಇವತ್ತು ಅಂಗಡಿ ತೆರೀಲಾ?' ಅಂತ. ಅಂಕಲ್ ಫೋನಲ್ಲಿ ಹೂಂ, ಉಹೂಂ, ಎರಡು ಬಟನ್. ಅಂಕಲ್ಲೇ ನಿಮ್ಮ ಪರವಾಗಿ ಒತ್ತುತ್ತಿದ್ರು ಅನ್ಸುತ್ತೆ."

"ನನ್ನ ಹೂಂ! ಒಂದು ದಿನಾನೂ ನನ್ನ ಕೇಳಿಲ್ಲ ಆ ಮನುಷ್ಯ!"

"ಇದು ಕೆಟ್ಟ ವಿನ್ಯಾಸ ಆಂಟಿ. ನಡುವಿನ ಯಜಮಾನ ಬರೀ ದಂಡ. ತೆಗೆದ್ರೆ ಯಾರನ್ನೂ ಕೇಳದೆ ಅಂಗಡಿ ತಾನಾಗೇ ತೆರ್ಕೊಳ್ಳುತ್ತೆ. ಕಿತ್ತು ಬಿಸಾಕಿ ಅಂದ್ರಲ್ಲ, ಬಿಸಾಕ್ಲಾ?"

ಅವಳು ಸೆರಗಿಗೆ ಅಂಟಿದ್ದ ದಾರದ ಎಳೆಯನ್ನು ಬಹಳ ಹೊತ್ತು ಕಿತ್ತಳು.

"ಬೇಡ. ಅದರ ಪಾಡಿಗೆ ಅದಿರಲಿ. ಬಟನ್ ಎಲ್ಲಿ ಅಂತ ತೋರ್ಸು."

"ದಿನಾ ಒತ್ಬೇಕಾಗುತ್ತೆ ಆಂಟಿ."

"ನಂಗೇನು ಕೈಯಿಲ್ವಾ?"

ಈಗ ದಿನಾ ಬೆಳಿಗ್ಗೆ ಯಂತ್ರದ ಮುಸುಕು ತೆಗೆಯುವ ಮುಂಚೆ ಅವಳು ಅವರ ಫೋನ್ ತೆರೆಯುತ್ತಾಳೆ. ಅದು ಕೇಳುತ್ತದೆ. ಅವಳು ಕನ್ನಡಕ ಒರೆಸುತ್ತಾಳೆ. ಸೂಜಿಗೆ ದಾರ ಪೋಣಿಸುತ್ತಾಳೆ. ಸ್ವಲ್ಪ ಕಾಯಲಿ. ಆಮೇಲೆ ಹೂಂ ಒತ್ತುತ್ತಾಳೆ.