ಟವೆಲ್ಲಿನ ಕೆಳಗೆ ಕುದುರಿದ ಸೌದಾ

ನಮ್ಮ ಕಾಕಾನಷ್ಟು ಅಂಜುಬುರುಕ ಮನುಷ್ಯ ಕೃಷ್ಣಾ ನದಿಯ ಈ ದಂಡೆಯ ಮೇಲೂ ಇಲ್ಲ, ಆ ದಂಡೆಯ ಮೇಲೂ ಇಲ್ಲ. ಆ ದಂಡೆಯವರು ಆತನನ್ನು ಹೆಚ್ಚು ನೋಡಿಲ್ಲ ಎನ್ನುವುದು ಬೇರೆ ಮಾತು. ಅಲ್ಲಿಗೆ ಹೋಗಬೇಕಾದರೆ ಸೇತುವೆ ದಾಟಬೇಕಲ್ಲ! ದಾಟಲೇಬೇಕಾದ ಪ್ರಸಂಗ ಬಂದರೆ ಕಾಕಾ ಸೇತುವೆಯ ಈ ತುದಿಯಲ್ಲಿ ಬಸ್ಸಿನಿಂದ ಇಳಿದು, ನಡೆದುಕೊಂಡು ದಾಟಿ, ಆ ತುದಿಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತಾನೆ.

“ಅಲ್ಲ ಕಾಕಾ, ಸೇತುವೆ ಬಿದ್ರ ನಡಕೊಂಡು ಹೋಗಾವ್ರೂ ಬೀಳ್ತಾರಲ್ಲ?” ಎಂದು ಒಮ್ಮೆ ಕೇಳಿದ್ದೆ.

“ಬೀಳ್ಲಿ ಬಿಡ. ಬಸ್ಸ ಮೈಮ್ಯಾಲ ಬೀಳಂಗಿಲ್ಲಲ್ಲ!” ಎಂದ.

ಇನ್ನು ಕುಕ್ಕರಿನ ವಿಷಯ. ಹೆಂಡತಿ, ಅಂದರೆ ನಮ್ಮ ಕಾಕು, ಒಲೆಯ ಮೇಲೆ ಕುಕ್ಕರ್ ಇಟ್ಟಳೆಂದರೆ ಕಾಕಾ ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಬಂದು ನಿಲ್ಲುತ್ತಾನೆ. ಮೂರನೆಯ ಸೀಟಿ ಆಗಿ, ಅದು ತಣ್ಣಗಾಗಿ, ಮುಚ್ಚಳ ತೆಗೆದದ್ದು ಖಾತ್ರಿಯಾದ ಮೇಲೆಯೇ ಮನೆಯೊಳಗೆ ಪ್ರವೇಶ. ಕಾಕಾ ಹೊರಗೆ ನಿಂತಿದ್ದರೆ ಅವರ ಮನೆಯಲ್ಲಿ ಬೇಳೆ ಬೇಯುತ್ತಿದೆ ಎಂದು ಓಣಿಯವರಿಗೆಲ್ಲ ಗೊತ್ತು. ಎಷ್ಟೋ ಜನ ಆತನನ್ನು ನೋಡಿಯೇ ತಮ್ಮ ಅಡುಗೆಗೆ ಏಳುತ್ತಿದ್ದರು.

ಇವೆಲ್ಲ ಚಿಲ್ಲರೆ ಅಂಜಿಕೆಗಳು. ಕಾಕಾನ ಅಸಲಿ ಅಂಜಿಕೆ ಹಾವಿನದು. ಆ ಹೆಸರನ್ನು ಬಾಯಲ್ಲಿ ಕೂಡ ತರುವುದಿಲ್ಲ, ‘ಹುಳ’ ಎನ್ನುತ್ತಾನೆ. ಅದೂ ಪಿಸುಮಾತಿನಲ್ಲಿ! ಉಗಾರ ಬುದ್ರುಕದಲ್ಲಿ ಕಬ್ಬಿನ ಹೊಲ ಇಟ್ಟುಕೊಂಡವನು ಹಾವಿಗೆ ಅಂಜಿದರೆ ಹೊಲ ನಡೆಯುವುದು ಹೇಗೆ? ನಡೆಸುವವಳು ಕಾಕು. ಕಬ್ಬು ಆಳೆತ್ತರ ಬೆಳೆದ ಮೇಲೆ ಕಾಕಾ ಅದರೊಳಗೆ ಕಾಲಿಟ್ಟದ್ದನ್ನು ಕಂಡವರಿಲ್ಲ. ಎಮ್ಮೆಗೆ ಹುಲ್ಲು ಕೊಯ್ಯಲು ಕಾಕು ಒಳಗೆ ಹೋದರೆ ಆತ ಬದುವಿನ ಮೇಲೆ ನಿಂತು, ಎರಡು ನಿಮಿಷಕ್ಕೊಮ್ಮೆ ಕೂಗುತ್ತಾನೆ.

“ಏ, ಅದಿಯೇನ?”

“ಅದೇನಿ, ಅದೇನಿ!”

ಇದ್ದೀಯಾ, ಇದ್ದೇನೆ. ಇಷ್ಟೇ ಅವರ ಸಂಸಾರದ ಸಂಭಾಷಣೆ ಎಂದು ನಾವು ಮಕ್ಕಳು ನಗುತ್ತಿದ್ದೆವು. ನಾನು ದೊಡ್ಡವಳಾಗಿ ನಿಪ್ಪಾಣಿಯ ಶಾಲೆಯೊಂದರಲ್ಲಿ ಗಣಿತ ಕಲಿಸಲು ಸೇರಿದ ಮೇಲೂ, ರಜೆಗೆ ಊರಿಗೆ ಹೋದರೆ ನನ್ನ ಕಿವಿಗೆ ಮೊದಲು ಬೀಳುತ್ತಿದ್ದುದು ಇದೇ ಕೂಗು.

ಇಂಥ ಕಾಕಾ ಒಂದು ದಿನ ಒಂದು ಕೋಲು ಮಾಡಿಸಿಕೊಂಡು ಬಂದ. ಅಥಣಿಯ ವೆಲ್ಡಿಂಗ್ ಅಂಗಡಿಯಲ್ಲಿ ವಾರಗಟ್ಟಲೆ ಕೂತು, ಅಂಗಡಿಯವನ ತಲೆ ತಿಂದು ಮಾಡಿಸಿದ್ದು. ಟೊಳ್ಳು ಕೊಳವೆ, ಅದರ ತಳದಲ್ಲಿ ಸ್ಪ್ರಿಂಗಿನ ಮೇಲೆ ಕುಣಿಯುವ ಕಬ್ಬಿಣದ ಗುಂಡು, ಮೇಲೆ ನಾಲ್ಕು ಗೆಜ್ಜೆ. ನೆಲಕ್ಕೆ ಊರಿದರೆ ಧಡ್ ಧಡ್ ಎಂದು ನೆಲ ಅದುರಬೇಕು. ನೆಲ ಅದುರಿದರೆ ಹುಳ ದೂರ ಸರಿಯುತ್ತದೆ, ಇದು ಕಾಕಾನ ಶಾಸ್ತ್ರ. ಊರವರು ಆ ಕೋಲಿಗೆ ‘ಧಡಧಡಿ’ ಎಂದು ಹೆಸರಿಟ್ಟರು. ಧಡಧಡಿ ಇಲ್ಲದೆ ಕಾಕಾ ಗುಡಿಗೆ ಹೋಗಲಿಲ್ಲ, ಪಾಯಖಾನೆಗೂ ಹೋಗಲಿಲ್ಲ! ಕಾಕು ಕಬ್ಬಿನೊಳಗೆ ಇರುವಷ್ಟು ಹೊತ್ತೂ ಬದುವಿನ ಮೇಲೆ ಅದನ್ನು ಊರುತ್ತಲೇ ಇರುತ್ತಿದ್ದ. ಒಂದು ಮದುವೆಗೆ ಅದನ್ನೂರಿಕೊಂಡು ಹೋದಾಗ, ಬ್ಯಾಂಡಿನವರು ಬಂದರೆಂದು ತಿಳಿದು ಹೆಣ್ಣಿನ ಕಡೆಯವರು ಆರತಿ ಹಿಡಿದು ಓಡಿ ಬಂದಿದ್ದರು.

ಎಲ್ಲರ ಕೈಗೂ ಆಗಷ್ಟೇ ಸ್ಮಾರ್ಟ್ ಫೋನು ಬರುತ್ತಿದ್ದ ಕಾಲ ಅದು. ಮರಾಠಿ ಚಾನೆಲ್ಲೊಂದರಲ್ಲಿ ಹೊಸ ಕಾರ್ಯಕ್ರಮ ಶುರುವಾಗಿತ್ತು. ಹೊಸ ವಸ್ತು ತಯಾರಿಸಿದವರು ಹೋಗಿ ತೋರಿಸುವುದು, ಎದುರು ಕುಳಿತ ಸಾಹುಕಾರರು ಮೆಚ್ಚಿದರೆ ಬಂಡವಾಳ ಹಾಕುವುದು. ಕಾಕು ಅದನ್ನು ನೋಡಿದವಳು ನನ್ನನ್ನು ಪಕ್ಕಕ್ಕೆ ಕರೆದಳು.

“ತಂಗಿ, ಇವರ ಧಡಧಡಿ ಒಂದ್ಸಲ ಈ ಮಂದಿಗೆ ತೋರಸ. ನಕ್ಕರ ನಗಲಿ.”

ಫೋನಿನಲ್ಲಿ ಚಿತ್ರ ತೆಗೆದು ಕಳಿಸಿದೆ. ಅವರು ನಗಲಿಲ್ಲ, ಮುಂಬೈಗೆ ಬನ್ನಿ ಎಂದರು! ಕಾಕಾ ಖಂಡಿತ ಬರುವುದಿಲ್ಲವೆಂದು ನಾನು ನಿಶ್ಚಿಂತೆಯಿಂದಿದ್ದೆ. ಆದರೆ ಆತ ಬಹಳ ಹೊತ್ತು ಧಡಧಡಿಯ ಗೆಜ್ಜೆ ಸವರುತ್ತ ಕೂತು, “ಹೋಗೂಣು” ಎಂದ.

“ಅಂಜಿಕಿ ಬರಂಗಿಲ್ಲೇನ ಕಾಕಾ?”

“ಅಂಜಿಕಿ ಬರತೈತಿ. ಆದ್ರ ದೀಪಾವಳಿ ಆತಂದ್ರ ಹಂಗಾಮ ಸುರು ಆಕ್ಕೈತಿ. ಕಬ್ಬ ಕಡಿಯಾಕ ಎಲ್ಲೆಲ್ಲಿಂದೋ ಗ್ಯಾಂಗ ಬರತಾವು. ಹೆಣ್ಮಕ್ಕಳು ಬರಿಗಾಲಲೆ ಒಳಗ ಹೋಗತಾರ. ಅದಕ್ಕ ಮದಲ ಅವರೆಲ್ಲಾರ ಕೈಯಾಗ ಇದೊಂದು ಬರಬೇಕ ಯವ್ವಾ.”

ಮೀರಜಿನಿಂದ ರೈಲು. ಬಸ್ಸಾದರೆ ಇಳಿಯಬಹುದು, ರೈಲನ್ನು ಸೇತುವೆಯ ಮುಂದೆ ನಿಲ್ಲಿಸುವವರು ಯಾರು? ಪ್ರತಿ ಸೇತುವೆಗೂ ಕಾಕಾ ಎದ್ದು ನಿಂತು, ಕಣ್ಣು ಮುಚ್ಚಿ, ಧಡಧಡಿ ಊರುತ್ತ ದಾಟಿದ. ನಮ್ಮ ಡಬ್ಬಿಯಲ್ಲಿ ಪುಣೆಯವರೆಗೆ ಯಾರೂ ಕಣ್ಣು ಮುಚ್ಚಲಿಲ್ಲ.

ಸ್ಟುಡಿಯೋದಲ್ಲಿ ತಲೆಯ ಮೇಲೆ ಸಾಲು ಸಾಲು ದೊಡ್ಡ ದೀಪಗಳು. ಅವು ಬಿದ್ದರೆ? ಕ್ಯಾಮೆರಾದವರು ಕಾಕಾನನ್ನು ಬೆಳಕಿನಲ್ಲಿ ತಂದು ನಿಲ್ಲಿಸುವುದು, ಆತ ಮೆಲ್ಲಗೆ ಕತ್ತಲಿಗೆ ಸರಿಯುವುದು, ಹೀಗೆ ಬಹಳ ಹೊತ್ತು ನಡೆಯಿತು. ಕೊನೆಗೆ ಧಡಧಡಿ ಊರಿ ತೋರಿಸಿದ. ವೇದಿಕೆ ಹಲಗೆಯದು ನೋಡಿ, ಗುಡುಗು ಬಡಿದಂತಾಯಿತು! ಸಾಹುಕಾರ ಹೆಂಗಸೊಬ್ಬಳು ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡಳು. “ನೋಡ್ರಿ, ಇವರೂ ಸರದ್ರು” ಎಂದು ಕಾಕಾ ಮರಾಠಿಯಲ್ಲಿ ಹೇಳಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಡುವೆ ಕೂತ ಹಿರಿಯ ಸಾಹುಕಾರರು ಎದ್ದು ಬಂದು, ನನಗಿದು ಹಿಡಿಸಿತು, ನಾನು ಬಂಡವಾಳ ಹಾಕುತ್ತೇನೆ, ನಿಮ್ಮ ಬೇಡಿಕೆ ಹೇಳಿ ಎಂದು ಕೈ ಚಾಚಿದರು.

ಕಾಕಾ ಎಡವಿದ್ದು ಇಲ್ಲಿ. ಪ್ರಾಯದಲ್ಲಿ ಆತ ನನ್ನ ಅಜ್ಜನ ಜೊತೆ ಅಥಣಿಯ ದನದ ಸಂತೆ ತಿರುಗಿದವನು. ಅಲ್ಲಿ ಸೌದಾ ಬಾಯಲ್ಲಿ ಆಗುವುದಿಲ್ಲ. ಕೊಳ್ಳುವವನ ಕೈಯ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು, ನಮ್ಮ ಕಡೆಯ ಮಾತಿನಲ್ಲಿ ಬಟ್ಟ, ಹಿಡಿದು ಮಾತಾಡಬೇಕು. ಇಷ್ಟು ಬೆರಳಿಗೆ ಇಷ್ಟು ಎಂದು ಲೆಕ್ಕ. ಸುತ್ತಲಿನವರಿಗೆ ಏನೂ ತಿಳಿಯಬಾರದು. ಹಾಗೆ ಕುದುರಿದ ಸೌದಾದಿಂದ ಹಿಂದೆ ಸರಿದವನಿಗೆ ಇಡೀ ಸಂತೆಯಲ್ಲಿ ಯಾರೂ ಒಂದು ಕಪ್ ಚಹಾ ಕೂಡ ಕುಡಿಸುವುದಿಲ್ಲ. ಇಷ್ಟು ಕ್ಯಾಮೆರಾಗಳ ಮುಂದೆ ಬೇಡಿಕೆಯನ್ನು ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಕಾಕಾನಿಗೆಲ್ಲಿಯದು? ಹೆಗಲ ಮೇಲಿನ ಟವೆಲ್ ತೆಗೆದು ಸಾಹುಕಾರರ ಕೈಮೇಲೆ ಹೊದಿಸಿಯೇಬಿಟ್ಟ! ಸಾಹುಕಾರರು ಕಕ್ಕಾಬಿಕ್ಕಿಯಾದರು. ಕ್ಯಾಮೆರಾಗಳೆಲ್ಲ ಟವೆಲ್ಲಿನ ಕಡೆಗೆ ಬಗ್ಗಿದವು. ಒಂದು ನಿಮಿಷ ಆ ಟವೆಲ್ಲಿನ ಕೆಳಗೆ ಏನೋ ಮಿಸುಕಾಡಿತು. ಆಮೇಲೆ ಸಾಹುಕಾರರು ಗಹಗಹಿಸಿ ನಕ್ಕು, ಹೊರಗೆ ಕೈ ತೆಗೆದು, ಕಾಕಾನ ಬೆನ್ನು ತಟ್ಟಿದರು.

ವಾಪಸು ಬರುವಾಗ ಕಾಕಾ ಒಂದು ಸೇತುವೆಗೂ ಏಳಲಿಲ್ಲ.

“ಸೌದಾ ಆತು! ನಾ ನಾಕು ಬಟ್ಟ ಹಿಡದೆ. ಹಂಗಾಮ ಸುರು ಆಗೂದ್ರಾಗ ನಾಕು ಸಾವಿರ ಕೋಲು ಅಂತ. ಸಾಹೇಬ್ರು ಎರಡು ಬಟ್ಟ ಹಿಂಡಿದ್ರು. ಹೋಗ್ಲಿ ಬಿಡ, ಎರಡು ಸಾವಿರ ಆದ್ರೂ ಆತು.”

ಸಾಹುಕಾರರು ತಮ್ಮ ಕೈ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದುದನ್ನು ನಾನು ಪಕ್ಕದಿಂದ ಕಣ್ಣಾರೆ ಕಂಡಿದ್ದೆ. ಹೇಳಲಿಲ್ಲ. ಕಾಕಾನ ಮುಖದ ಮೇಲೆ ಅಂಜಿಕೆ ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾರ್ಯಕ್ರಮ ಬಿತ್ತರವಾಗುವವರೆಗೆ ಯಾರಿಗೂ ಏನೂ ಹೇಳಬಾರದೆಂದು ಚಾನೆಲ್ಲಿನವರು ತಾಕೀತು ಮಾಡಿದ್ದರು. ಹೇಳಿದರೆ ಪೊಲೀಸರು ಬರುತ್ತಾರೆಂದು ಕಾಕಾ ತಾನೇ ಸೇರಿಸಿಕೊಂಡ. “ಏನಾತ್ರಿ ಮುಂಬೈದಾಗ?” ಎಂದು ಯಾರಾದರೂ ಕೇಳಿದರೆ, “ಎಲ್ಲಿ ಮುಂಬೈ? ನಾ ಹೋಗೇ ಇಲ್ರಿ!” ಎಂದು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಮನೆ ಸೇರುತ್ತಿದ್ದ. ಕಾಕುಗೂ ಹೇಳಲಿಲ್ಲವಂತೆ. ಆದರೆ ಆತ ಕುಕ್ಕರಿನ ಎರಡನೆಯ ಸೀಟಿಗೇ ಒಳಗೆ ಬಂದದ್ದನ್ನು ನೋಡಿ ಆಕೆ ಎಲ್ಲವನ್ನೂ ತಿಳಿದುಕೊಂಡಿದ್ದಳು.

ಕಾರ್ಯಕ್ರಮ ಬಂದ ದಿನ ಓಣಿಯಲ್ಲಿ ಪಟಾಕಿ ಹಾರಿತು. ಪಟಾಕಿಗೆ ಅಂಜಿ ಕಾಕಾ ಹಾಸಿಗೆ ಇಡುವ ಕೋಣೆಯಲ್ಲಿ ಕೂತಿದ್ದ, ಆ ಮಾತು ಬಿಡಿ. ಮರುದಿನದಿಂದ ಹೊಸ ಅಂಜಿಕೆ ಶುರುವಾಯಿತು. ಹೋದಲ್ಲಿ ಬಂದಲ್ಲಿ ಒಂದೇ ಪ್ರಶ್ನೆ, “ಬಂತೇನ್ರಿ?” ಏನೂ ಬಂದಿರಲಿಲ್ಲ. ಫೋನು ಬಂದರೆ ಬೆಚ್ಚುತ್ತಿದ್ದ, ಬರದಿದ್ದರೆ ಇನ್ನೂ ಹೆಚ್ಚು ಬೆಚ್ಚುತ್ತಿದ್ದ.

ನಾನು ಅವರಿವರನ್ನು ವಿಚಾರಿಸಿದಾಗ ಗೊತ್ತಾಯಿತು. ಟಿ.ವಿ.ಯಲ್ಲಿ ಕೈ ಕುಲುಕುವುದೆಂದರೆ ನಮ್ಮ ಕಡೆ ಹೆಣ್ಣು ನೋಡಲು ಬಂದು ಅವಲಕ್ಕಿ ತಿಂದು ಹೋದಂತೆ. ಹುಡುಗಿ ಚಲೋ ಅದಾಳ್ರಿ ಎಂದಿರುತ್ತಾರೆ, ನಗುನಗುತ್ತ ಎದ್ದು ಹೋಗಿರುತ್ತಾರೆ. ನಿಜವಾದ ವಿಚಾರಣೆ ಶುರುವಾಗುವುದು ಆಮೇಲೆ. ಎಷ್ಟೋ ಮಾತು ಅಲ್ಲಿಯೇ ಮುರಿದು ಬೀಳುತ್ತವೆ, ಮುರಿದದ್ದನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಇದನ್ನು ಕಾಕಾನಿಗೆ ಹೇಳಿದೆ.

“ಅವಲಕ್ಕಿ ಬ್ಯಾರೆ, ಟವೆಲ್ ಬ್ಯಾರೆ” ಎಂದುಬಿಟ್ಟ. ಆದರೂ ಆ ದಿನ ಕುಕ್ಕರಿಗೆ ಮತ್ತೆ ಮೂರನೆಯ ಸೀಟಿಯವರೆಗೆ ಹೊರಗೇ ನಿಂತ.

ಗಣಪತಿ ಹಬ್ಬ ಮುಗಿದ ಮೇಲೆ ಸಾಹುಕಾರರ ಕಡೆಯ ತರುಣನೊಬ್ಬ ಕಾರಿನಲ್ಲಿ ಬಂದ. ಬೂಟು ಹಾಕಿಕೊಂಡೇ ಬದುವಿನ ಮೇಲೆಲ್ಲ ಓಡಾಡಿ ಕೊನೆಗೆ ಕೇಳಿದ, ಈ ಕೋಲಿನಿಂದ ಹಾವು ಕಚ್ಚುವುದು ತಪ್ಪುತ್ತದೆ ಎಂಬುದಕ್ಕೆ ಪುರಾವೆ ಏನು?

“ನಮ್ಮ ಮನಿಯಾಕಿಗೆ ಕಚ್ಚಿಲ್ಲಲ್ರಿ!” ಎಂದ ಕಾಕಾ.

ಅದು ಕೋಲಿನಿಂದಲೇ ಎಂದು ಹೇಗೆ ಹೇಳುತ್ತೀರಿ?

“ಸಾಹೇಬ್ರ, ಕಚ್ಚಿದ ಹುಳ ಎಲ್ಲಾರಿಗೂ ಕಾಣತೈತಿ. ಕಚ್ಚಲಾರದ ಸರದು ಹೋದದ್ದನ್ನ ನಾ ಎಲ್ಲಿಂದ ಹಿಡಕೊಂಡ ಬರ್ಲಿ?”

ತರುಣ ನಕ್ಕ, ಕಾಕು ಕೊಟ್ಟ ಚಹಾ ಕುಡಿದ, ಹೋದ. ದಸರೆಯ ಹೊತ್ತಿಗೆ ಫೋನು ಬಂತು. ಸದ್ಯಕ್ಕೆ ಆಗುವುದಿಲ್ಲ, ಕ್ಷಮಿಸಿ. ನಾನೇ ಎತ್ತಿಕೊಂಡಿದ್ದೆ, ನಾನೇ ಹೇಳಬೇಕಾಯಿತು.

ಕಾಕಾ ಸಿಟ್ಟಾಗಲಿಲ್ಲ. ಆತನ ಮುಖ ಸುಣ್ಣದಂತೆ ಬಿಳುಪೇರಿತು. “ಹಂಗಾದ್ರ ಹಂಗಾಮಕ್ಕ ಹೆಂಗ? ಆ ಹೆಣ್ಮಕ್ಕಳು ಹೆಂಗ ಒಳಗ ಹೋಗತಾರ?” ಎಂದು ನನ್ನನ್ನೇ ಕೇಳಿದ. ಆ ಚಾನೆಲ್ಲು ಮಾತ್ರ ಆ ಕಂತನ್ನು ಮತ್ತೆ ಮತ್ತೆ ಹಾಕುತ್ತಲೇ ಇತ್ತು. ನೋಡಿದವರು ಫೋನು ಮಾಡಿ ಅಭಿನಂದನೆ ಹೇಳುತ್ತಲೇ ಇದ್ದರು. ಟಿ.ವಿ.ಯೊಳಗೆ ಸೌದಾ ಕುದುರುತ್ತಿತ್ತು, ಟಿ.ವಿ.ಯ ಮುಂದೆ ಕಾಕಾ ಉಗುರು ಕಚ್ಚುತ್ತಿದ್ದ.

ದೀಪಾವಳಿ ರಜೆಯಲ್ಲಿ ನಾನು ಊರಲ್ಲಿದ್ದೆ. ನಮ್ಮ ಹೊಲಕ್ಕೆ ಗ್ಯಾಂಗು ಬಂತು. ಮೊದಲ ದಿನವೇ ಕಾಕಾ ಹೋಗಿ ಗ್ಯಾಂಗಿನ ಒಬ್ಬ ಬಸುರಿ ಹೆಂಗಸಿನ ಕೈಗೆ ತನ್ನ ಧಡಧಡಿ ಕೊಟ್ಟು ಬಂದ. ಆಕೆ ಬೇಡವೆಂದರೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಕಾಕು ಎಂದಿನಂತೆ ಹುಲ್ಲಿಗೆಂದು ಕಬ್ಬಿನೊಳಗೆ ಹೋದಳು. ಬದುವಿನ ಮೇಲೆ ಬರಿಗೈಯ ಕಾಕಾ, ಪಕ್ಕದಲ್ಲಿ ನಾನು.

“ಏ, ಅದಿಯೇನ?”

“ಅದೇನಿ!”

ಅಷ್ಟರಲ್ಲಿ ಹೊಲದ ಆ ಬದಿಗೆ ಕಬ್ಬು ತುಂಬುವ ಟ್ರ್ಯಾಕ್ಟರ್ ಬಂತು. ನಮ್ಮ ಕಡೆಯ ಟ್ರ್ಯಾಕ್ಟರುಗಳು ಗೊತ್ತಲ್ಲ, ಅರ್ಧ ಮೈಲಿಗೆ ಕೇಳುವ ಹಾಗೆ ಹಾಡು ಹಚ್ಚಿಕೊಂಡೇ ಬರುತ್ತವೆ!

“ಏ, ಅದಿಯೇನ?”

ಉತ್ತರವಿಲ್ಲ.

“ಏ, ಅದಿಯೇನ? ಅದಿಯೇನಽ?”

ಬರೀ ಹಾಡು. ಆ ಗದ್ದಲದಲ್ಲಿ ಕೇಳಿಸುತ್ತಿಲ್ಲ ಕಾಕಾ, ಎಂದು ಹೇಳಲು ನಾನು ತಿರುಗುವಷ್ಟರಲ್ಲಿ ಬದುವಿನ ಮೇಲೆ ಆತನ ಚಪ್ಪಲಿ ಮಾತ್ರ ಇದ್ದವು. ಒಂದು ಅಲ್ಲಿ, ಒಂದು ಇಲ್ಲಿ. ಕಬ್ಬಿನ ಗರಿಗಳು ಅಲುಗುತ್ತ ದೂರ ಹೋಗುತ್ತಿದ್ದವು. ಒಳಗಿನಿಂದ ಆತನ ಕೂಗು ಕೇಳುತ್ತಿತ್ತು. ಅಂಥ ಕೂಗನ್ನು ನಾನು ಮೊದಲು ಕೇಳಿರಲಿಲ್ಲ.

ನಾನು ಬದುವಿನಗುಂಟ ಓಡಿ ಸುತ್ತಿ ಬಂದೆ. ಕಾಕು ಹುಲ್ಲಿನ ಹೊರೆ ಇಳಿಸಿ, ಟ್ರ್ಯಾಕ್ಟರಿನ ಪಕ್ಕದಲ್ಲಿ ಆರಾಮಾಗಿ ನಿಂತಿದ್ದಳು. ಅದೇ ಗಳಿಗೆಗೆ ಕಬ್ಬು ಸೀಳಿಕೊಂಡು ಕಾಕಾ ಹೊರಗೆ ಬಿದ್ದ. ಮುಖ, ಮೊಳಕೈ ಎಲ್ಲ ಗರಿ ಕೊಯ್ದು ರಕ್ತ. ಆಕೆಯ ಎದುರಿಗೇ ನಿಂತು, ಕಣ್ಣಿಂದ ನೋಡುತ್ತಲೇ ಕೇಳಿದ, “ಅದಿಯೇನ?”

“ಅದೇನಿ” ಎಂದಳು ಕಾಕು. ಸೆರಗಿನಿಂದ ಆತನ ಮುಖ ಒರೆಸಿದಳು. ಗ್ಯಾಂಗಿನವರು ಹಾಡು ಬಂದ್ ಮಾಡಿದರು.

ಮಧ್ಯಾಹ್ನ ಗಾಯಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಆತ ಮಲಗಿದ ಮೇಲೆ ಕಾಕು ಹೇಳಿದಳು. ನನ್ನ ಅಜ್ಜಿ, ಕಾಕಾನ ಅವ್ವ, ಹಾವು ಕಚ್ಚಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

“ಅವತ್ತ ಬದುವಿನ ಮ್ಯಾಲ ಇವರೇ ಇದ್ರು. ಮೀಸಿ ಬರೂ ವಯಸ್ಸು. ಒಳಗಿಂದ ಅವರವ್ವ ಕರದ್ಳಂತ, ಬಾರೋ ತಮ್ಮಾ, ಬಾರೋ ಅಂತ. ಇವರು ಅಂಜಿ ಒಳಗ ಹೋಗಲಿಲ್ಲ. ಓಡಿ ಮಂದೀನ ಕರಕೊಂಡ ಬರೂದ್ರಾಗ ಆಕಿ ದನಿ ನಿಂತಿತ್ತು.” ಕಾಕು ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡಳು. “ಇವತ್ತ ಒಳಗ ಹೋದ್ರು ನೋಡ, ತಂಗಿ.”

ಮರುದಿನ ಬೆಳಿಗ್ಗೆ ಕಾಕು ಹುಲ್ಲಿಗೆ ಹೊರಟಾಗ ನಾನೂ ಆಕೆಯ ಹಿಂದೆ ಕಬ್ಬಿನೊಳಗೆ ಹೋದೆ. ಒಳಗೆ ನಾಲ್ಕು ಹೆಜ್ಜೆಗೇ ಬೆಳಕು ಕಡಿಮೆಯಾಯಿತು, ಒಣಗರಿಯಲ್ಲಿ ಏನೋ ಸರಕ್ಕೆಂದಿತು. ನನಗೆ ನಿಜಕ್ಕೂ ಅಂಜಿಕೆಯಾಯಿತು. ಆಗ ಬದುವಿನಿಂದ ಕೂಗು ಬಂತು. ಕಾಕು ಬಾಯಿ ತೆರೆಯುವ ಮೊದಲೇ ನಾನು ಇದ್ದಷ್ಟು ದನಿ ತೆಗೆದು ಕೂಗಿದೆ.

“ಅದೇವಿ ಕಾಕಾ, ಇಬ್ರೂ ಅದೇವಿ!”