ವಾಚನಾಲಯದ ಇಳಿಜಾರು ಮತ್ತು ಬಾಳವ್ವನ ಎಮ್ಮೆ

ಅಪಾಯದಿಂದ ಪಾರಾದ ಮನುಷ್ಯನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಪಾರಾದದ್ದನ್ನು ಯಾರಿಗಾದರೂ ಹೇಳದೆ ಅವನಿಗೆ ಊಟ ಸೇರುವುದಿಲ್ಲ. ಬಸ್ಸಿನಲ್ಲಾಗಲಿ, ಕ್ಷೌರದ ಅಂಗಡಿಯಲ್ಲಾಗಲಿ, ಮಾತು ಎಲ್ಲಿಂದ ಶುರುವಾದರೂ ಅದನ್ನು ಹಗ್ಗ ಹಿಡಿದು ಎಳೆತಂದು ತನ್ನ ಅಪಾಯದ ಗೂಟಕ್ಕೇ ಕಟ್ಟುತ್ತಾನೆ. ಇಂಥವರನ್ನು ಕಂಡರೆ ನಾನು ದೂರ ಸರಿಯುತ್ತಿದ್ದೆ. ನಮ್ಮ ಮಾವನವರು ಒಮ್ಮೆ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ಜಾರಿದ್ದರು. ನಿಜವಾಗಿ ನೀರಿಗೆ ಬಿದ್ದದ್ದು ಅವರ ಎಡಗಾಲಿನ ಚಪ್ಪಲಿ ಮಾತ್ರ. ಆದರೂ ಆ ಕತೆಯನ್ನು ನನ್ನ ನಿಶ್ಚಿತಾರ್ಥದಲ್ಲಿ ಶುರು ಮಾಡಿದವರು ಇನ್ನೂ ನಿಲ್ಲಿಸಿರಲಿಲ್ಲ. ಈಗ ನಿಲ್ಲಿಸಿದ್ದಾರೆ. ಈಗ ಅವರೇ ನನ್ನನ್ನು ಕಂಡರೆ ದೂರ ಸರಿಯುತ್ತಾರೆ.

ನನ್ನ ಅಪಾಯ ನಡೆದದ್ದು ನಮ್ಮೂರಿನ ವಾಚನಾಲಯದಲ್ಲಿ. ಊರು ಮೂಡಲಗಿ ಕಡೆಯದು, ಹೆಸರು ಬೇಡ, ಆಗಲೇ ಸಾಕಷ್ಟು ಹೆಸರಾಗಿದೆ. ಒಂದು ಕೋಣೆ, ನಾಲ್ಕು ಕಬ್ಬಿಣದ ರ‍್ಯಾಕು, ಒಂದು ಉದ್ದನೆಯ ಮೇಜು, ಎದುರಿಗೊಂದು ಬೇವಿನ ಮರ. ಇದಕ್ಕೆ ಒಂದು ಸಣ್ಣ ಅನುದಾನ ಬಂತು. ಎಷ್ಟು ಸಣ್ಣದೆಂದರೆ ಕಟ್ಟಡಕ್ಕೆ ಸಾಲದು, ಉದ್ಘಾಟನೆಗೆ ಬೇಕಾದಷ್ಟಾಯಿತು. ಪಂಚಾಯಿತಿ ಅಧ್ಯಕ್ಷರಿಗೆ ಬಾಗಿಲಿಗೊಂದು ಕಮಾನು ಕಟ್ಟಿಸಿ ಸದಸ್ಯರ ಹೆಸರು ಬರೆಸುವ ಆಸೆ. ನನಗೆ ದಪ್ಪ ದಪ್ಪ ವಿಶ್ವಕೋಶಗಳನ್ನು ತರಿಸಿ ಗಾಜಿನ ಕಪಾಟಿನಲ್ಲಿ ಇಡಿಸುವ ಆಸೆ. ಓದುತ್ತೇನೆಂದಲ್ಲ, ಎದುರಿಗೆ ಕೂತರೆ ಓದಿದಂತೆ ಕಾಣುತ್ತದೆ. ವಾಚನಾಲಯ ನೋಡಿಕೊಳ್ಳುವ ಶೋಭಾ ಎರಡಕ್ಕೂ ಒಪ್ಪಲಿಲ್ಲ. "ಪುಸ್ತಕ ಅದಾವ್ರಿ ಸರ, ಆ ಎತ್ತರದ ಮೆಟ್ಟಲಾ ಹತ್ತಾಕ ಮಂದಿಗೆ ಮೊಣಕಾಲ ಇಲ್ಲ" ಎಂದು ಹೇಳಿ, ಮೆಟ್ಟಿಲಿನ ಬಾಜೂ ಒಂದು ಸಿಮೆಂಟಿನ ಇಳಿಜಾರು ಕಟ್ಟಿಸಿ, ಕೈಗೆ ಆಸರೆಯಾಗಿ ಪೈಪು ಹಾಕಿಸಿ, ಉಳಿದದ್ದರಲ್ಲಿ ದೊಡ್ಡ ಅಕ್ಷರದ ಕತೆ ಪುಸ್ತಕಗಳನ್ನು ತಂದಳು.

ಆ ಇಳಿಜಾರಿನ ಮೇಲೆ ಮೊದಲು ಹತ್ತಿ ಬಂದವಳು ಬಾಳವ್ವ. ಅದುವರೆಗೆ ಆಕೆ ಕೆಳಗಿನ ಮೆಟ್ಟಿಲ ಮೇಲೆ ಕೂತು, ಒಳಗಿನಿಂದ ಬಂದವರನ್ನೆಲ್ಲ "ಏನ್ ಬಂದೈತೋ ಪೇಪರ್ನಾಗ" ಎಂದು ತಡೆಯುತ್ತಿದ್ದಳು. ಸುಂಕ ಕೊಡದೆ ಯಾರೂ ದಾಟುವಂತಿರಲಿಲ್ಲ. ಈಗ ದಿನಾ ಸಂಜೆ ಎಮ್ಮೆ ಹೊಡೆದುಕೊಂಡು ಬಂದು, ಅದನ್ನು ಬೇವಿನ ಮರಕ್ಕೆ ಕಟ್ಟಿ, ಪೈಪು ಹಿಡಿದು ಮೇಲೆ ಬಂದು, ಕಿಟಕಿಯ ಹತ್ತಿರ ಕೂತು ಓದತೊಡಗಿದಳು. ಚಿಕ್ಕಂದಿನಲ್ಲಿ ನಾಲ್ಕನೇ ಇಯತ್ತೆಗೆ ಬಿಟ್ಟ ಸಾಲಿ. ಬೆರಳಿಟ್ಟು, ಗಟ್ಟಿಯಾಗಿ, ದಿನಕ್ಕೆ ಎರಡು ಪುಟ. ಕನ್ನಡಿ ಕೊಳ್ಳಲು ಸಂತೆಗೆ ಹೊರಟ ಒಂದು ನರಿಯ ಕತೆ ಅದು. ನೌಕರಿಯಿಂದ ಬಂದು ದಿನಾ ಕೇಳಿ ಕೇಳಿ ನನಗೂ ಆ ನರಿಯ ಚಿಂತೆ ಹತ್ತಿತ್ತು. "ಮನಿಗಿ ಒಯ್ಯಿ ಚಿಗವ್ವಾ, ಒಂದ ದಿನದಾಗ ಮುಗಿತೈತಿ" ಎಂದೆ. "ಬ್ಯಾಡೋ ತಮ್ಮಾ. ಸೊಸಿ ಮೊದ್ಲ ಓದಿ ಕಥಿ ಹೇಳಿಬಿಡ್ತಾಳ" ಎಂದಳು.

ಆ ರವಿವಾರ ಶೋಭಾ ಏನೋ ಕೆಲಸಕ್ಕೆ ಅಧ್ಯಕ್ಷರ ಮನೆಗೆ ಹೋಗಿದ್ದಳು. ಒಳಗೆ ನಾನು, ಬಾಳವ್ವ, ನರಿ. ನಾನು ಪೇಪರನ್ನು ಎರಡೂ ಕೈಯಲ್ಲಿ ಅಗಲವಾಗಿ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಿದ್ದೆ. ನಮ್ಮಲ್ಲಿ ಒಂದು ರೂಢಿಯಿದೆ: ಒಬ್ಬ ಪೇಪರು ಹಿಡಿದು ಕೂತರೆ, ಎದುರಿಗೆ ಇನ್ನೊಬ್ಬ ನಿಂತು ಅದರ ಬೆನ್ನಿನ ಪುಟ ಓದುತ್ತಾನೆ. ಹೀಗೆ ಒಂದು ಪೇಪರಿನಲ್ಲಿ ಊರು ನಡೆಯುತ್ತದೆ. ಆ ಕಡೆಯಿಂದ ಯಾರೋ ಭಾರವಾಗಿ ಉಸಿರು ಬಿಡುತ್ತಿರುವುದು ಕೇಳಿಸಿತು. ಗಿರಣಿ ಮಲ್ಲಪ್ಪನಿರಬೇಕು, ಅವನಿಗೆ ದಮ್ಮು. ಪೇಪರು ಸ್ವಲ್ಪ ಜಗ್ಗಿದಂತಾಯಿತು. "ತಡೀರಿ, ಈ ಪುಟ ಮುಗಸ್ತೇನಿ" ಎಂದೆ. ಮತ್ತೆ ಜಗ್ಗಿತು. ನಾನೂ ಜಗ್ಗಿದೆ. ಓದುವವನಿಗೆ ಇಷ್ಟು ಆತುರವಿರಬಾರದೆಂದು ಬುದ್ಧಿ ಹೇಳಲು ಪೇಪರು ಇಳಿಸಿದೆ. ಅರ್ಧ ಸಂಪಾದಕೀಯ ಬಾಯಲ್ಲಿಟ್ಟುಕೊಂಡು ಬಾಳವ್ವನ ಎಮ್ಮೆ ನನ್ನನ್ನು ನೋಡುತ್ತಿತ್ತು.

ಮುಂದಿನದು ಒಂದೇ ಕ್ಷಣದಲ್ಲಿ ಆಯಿತು. ಆ ಕ್ಷಣವನ್ನು ನಾನು ಈಗಲೂ ಹಲ್ಲು ಉಜ್ಜುವಾಗ, ಸಹಿ ಹಾಕುವಾಗ, ಅನ್ನ ಕಲಸುವಾಗ ತಿರುತಿರುಗಿ ನೋಡುತ್ತಿರುತ್ತೇನೆ. ಅಷ್ಟಗಲದ ಕೋಡು, ಒದ್ದೆಯಾದ ಮೂಗು, ಹಿಂದೆ ಗೋಡೆ. ಧಡ್ ಎಂದು ಸಪ್ಪಳವಾಯಿತು. ಕಣ್ಣು ಬಿಟ್ಟಾಗ ನಾನು ಮೇಜಿನ ಮೇಲಿದ್ದೆ, ಒಂದು ರ‍್ಯಾಕು ನಾನು ಕೂತಿದ್ದ ಕುರ್ಚಿಯ ಮೇಲಿತ್ತು, ಕುರ್ಚಿಯ ಬೆನ್ನು ಎರಡು ತುಂಡಾಗಿತ್ತು. ಬಾಳವ್ವ ಪುಟಕ್ಕೆ ಬೇವಿನೆಲೆಯ ಗುರುತಿಟ್ಟು, ಎದ್ದು ಬಂದು, "ಒಬ್ಬಾಕಿನ ಹೊರಗ ಬ್ಯಾಸರಾತೇನವ್ವಾ" ಎಂದು ಎಮ್ಮೆಯ ಕೊರಳು ತಟ್ಟಿದಳು. ಅದು ಮರದಿಂದ ಬಿಚ್ಚಿಹೋಗಿದ್ದ ಹಗ್ಗ ಎಳೆಯುತ್ತ ಸಾವಕಾಶವಾಗಿ ತಿರುಗಿ, ಬಾಗಿಲಲ್ಲಿ ತನ್ನ ಸಹಿ ದಪ್ಪಗೆ ಹಾಕಿ, ಅದೇ ಇಳಿಜಾರಿನಲ್ಲಿ ಇಳಿದುಹೋಯಿತು.

ಅಂದು ಮನೆಯಲ್ಲಿ ಹೇಳುವಾಗ ಅದು ಎಮ್ಮೆಯೇ ಆಗಿತ್ತು. ಹೆಂಡತಿ ಮೊದಲು "ಪೇಪರ್ ಪೂರಾ ತಿಂತೇನ್ರಿ?" ಎಂದು ಕೇಳಿದ್ದರಿಂದ ನನಗೆ ಬೇಸರವಾಯಿತು. ಮರುದಿನ ಬಸ್ಸು ಬದಲಿಸುವಾಗ ಗೋಕಾಕದ ಚಹಾದ ಅಂಗಡಿಯಲ್ಲಿ ಎಮ್ಮೆಗೆ ಸ್ವಲ್ಪ ಸಿಟ್ಟು ಬಂದಿತ್ತು. ನಾನು ನೌಕರಿ ಮಾಡುವ ಹುಕ್ಕೇರಿಯ ಕಚೇರಿ ಮುಟ್ಟುವಷ್ಟರಲ್ಲಿ ಅದು ಕೋಣವಾಗಿ, ಕೋಡಿನಿಂದ ರ‍್ಯಾಕನ್ನು ಎತ್ತಿ ನನ್ನ ಮೇಲೆ ಒಗೆದು, ನಾನು ಕೂದಲೆಳೆಯಲ್ಲಿ ಪಾರಾಗಿ, ಮುದುಕಿಯೊಬ್ಬಳನ್ನು ಕಾಪಾಡಿದ್ದೆ. ಸಂತೆಯ ದಿನ ಕೆಲಸಕ್ಕೆಂದು ಬಂದ ಹಳ್ಳಿಯವರೂ ಕಿಟಕಿಯಲ್ಲಿ ನಿಂತು ಕೇಳಿದರು. ನಿಜ ಹೇಳಬೇಕೆಂದರೆ, ಪಗಾರಕ್ಕಿಂತ ಹೆಚ್ಚಿನ ಸುಖ ಆ ಕಚೇರಿಯಲ್ಲಿ ನನಗೆ ಸಿಕ್ಕದ್ದು ಆ ವಾರವೇ.

ಕತೆಗೂ ಬಸ್ಸಿನ ಸೌಕರ್ಯವಿದೆ. ಹುಕ್ಕೇರಿಗೆ ಹೋದ ಕತೆ ಅಧ್ಯಕ್ಷರ ಬೀಗರ ಬಾಯಿಂದ ನಮ್ಮೂರಿಗೇ ಹೊಳ್ಳಿ ಬಂತು. ಪಂಚಾಯಿತಿಯಲ್ಲಿ ಸಭೆ ಕರೆದರು. ಇಳಿಜಾರು ಒಡೆಯಬೇಕೆಂಬುದು ವಿಷಯ. ನಾನು ಸಾಕ್ಷಿ. "ನಾಳೆ ಸಾಲಿ ಹುಡುಗ್ರ ಇದ್ದಾಗ ಹಿಂಗಾದ್ರ ಯಾರ ಜವಾಬ್ದಾರಿ?" ಎಂದರು ಅಧ್ಯಕ್ಷರು. "ದನಾ ರ‍್ಯಾಕ್ ಎತ್ತಿ ಒಗ್ಯಾಕತ್ರ ಅದು ವಾಚನಾಲಯನೋ ದನದ ಪ್ಯಾಟಿನೋ?" ಶೋಭಾ ಎದ್ದು, "ಒಡದ್ರ ಈ ಆಯಿ ಮತ್ತ ಹೊರಗ ಕುಂದರ್ತಾಳ್ರಿ" ಎಂದಳು. ಎಲ್ಲರೂ ಬಾಳವ್ವನ ಕಡೆ ನೋಡಿದರು. ಆಕೆ ಸೆರಗು ಸರಿ ಮಾಡಿಕೊಂಡು, "ನಂದೇನ ಹಟ ಇಲ್ರಿ. ಆದ್ರ ನರಿ ಇನ್ನೂ ಸಂತಿ ಮುಟ್ಟಿಲ್ಲ. ಅದೊಂದ ಮುಟ್ಲಿ, ಆಮ್ಯಾಲೆ ಒಡೀರಿ" ಎಂದಳು. ಕೆಲವರು ನಕ್ಕರು. ಆಕೆ ನಗಲಿಲ್ಲ. "ತಮ್ಮ ಅಲ್ಲೇ ಇದ್ದ. ಓದಿದಾಂವ. ಏನಾತಂತ ಅವ್ನ ಹೇಳ್ತಾನ" ಎಂದು ನನ್ನನ್ನೇ ನೋಡುತ್ತ ಕೂತಳು. ಆಕೆಯ ನೋಟಕ್ಕೂ ಎಮ್ಮೆಯ ನೋಟಕ್ಕೂ ಏನೋ ಹೋಲಿಕೆ ಇತ್ತು. ಎರಡರಲ್ಲೂ ಸಿಟ್ಟಿರಲಿಲ್ಲ.

ನಾನು ಎದ್ದು ನಿಂತೆ. ಹುಕ್ಕೇರಿಯ ಕೋಣವನ್ನು ಗೋಕಾಕದ ಸಿಟ್ಟಿನ ಎಮ್ಮೆ ಮಾಡಿದೆ. ಸಿಟ್ಟನ್ನೂ ತೆಗೆದೆ. ಅಲ್ಲಿಗೂ ಅಧ್ಯಕ್ಷರು ಬಿಡಲಿಲ್ಲ. "ಅಲ್ರಿ, ರ‍್ಯಾಕ್ ಕೆಡವಿದ್ದರ ಖರೆ ಹೌದಲ್ರಿ?" ಎಂದರು. ಕತೆಯಲ್ಲಿ ನನ್ನ ಪಾಲಿಗೆ ಉಳಿದಿದ್ದದ್ದು ಆ ರ‍್ಯಾಕೊಂದೇ. "ಹೌದ್ರಿ" ಎಂದಿದ್ದರೆ ಮುಗಿಯುತ್ತಿತ್ತು. "ಎಮ್ಮಿ ಕೆಡವಿಲ್ರಿ" ಎಂದೆ. "ನಾ ಅದರ ಮ್ಯಾಲೆ ಹತ್ತಿದ್ನಿ." ಹಿಂದಿನಿಂದ ಗಿರಣಿ ಮಲ್ಲಪ್ಪ, "ಎಷ್ಟ ಮಟ ಏರಿದ್ರಿ ಸರ?" ಎಂದು ದಮ್ಮು ತೆಗೆದುಕೊಳ್ಳುತ್ತಲೇ ಕೇಳಿದ. "ಕಾದಂಬರಿ ಖಾನೆ ತನಕ" ಎಂದೆ. ಆ ಮೇಲೆ ಸಭೆ ನಡೆಸುವುದು ಅಧ್ಯಕ್ಷರಿಂದ ಆಗಲಿಲ್ಲ. ನಗುವ ಮಂದಿಯಿಂದ ಯಾವ ಠರಾವನ್ನೂ ಪಾಸು ಮಾಡಿಸಲಾಗುವುದಿಲ್ಲ.

ಇಳಿಜಾರು ಉಳಿಯಿತು. ಶೋಭಾ ರ‍್ಯಾಕುಗಳನ್ನು ಗೋಡೆಗೆ ಬಿಗಿಸಿದಳು. ಎಮ್ಮೆಗಾಗಿ ಅಲ್ಲ, ನನಗಾಗಿ ಎಂದು ಎಲ್ಲರಿಗೂ ಗೊತ್ತು. ಎಮ್ಮೆಗೆ ಕಿಟಕಿಯ ಕೆಳಗೇ ಒಂದು ಗಟ್ಟಿ ಗೂಟ ಹೊಡೆದರು. ಬಾಳವ್ವ ಗಟ್ಟಿಯಾಗಿ ಓದಿದರೆ ಅದಕ್ಕೂ ಕೇಳಿಸುತ್ತದೆ. ನರಿ ಸಂತೆ ಮುಟ್ಟಿತು, ಕನ್ನಡಿಯನ್ನೂ ಕೊಂಡಿತು; ಬಾಳವ್ವ ಈಗ ಬೇರೆ ಪುಸ್ತಕದಲ್ಲಿದ್ದಾಳೆ. ಕತೆಯಿಲ್ಲದೆ ಉಳಿದವನು ನಾನೊಬ್ಬನೇ.

ಮೊನ್ನೆ ಹುಕ್ಕೇರಿಯಿಂದ ಬರುವಾಗ ಬಸ್ಸಿನಲ್ಲಿ ಬಾಜೂ ಕೂತಿದ್ದ ಅಪರಿಚಿತರೊಬ್ಬರು, "ಮೂಡಲಗಿ ಕಡೇವ್ರೇನ್ರಿ?" ಎಂದು ಮಾತು ತೆಗೆದರು. ಹೌದೆಂದೆ. "ನಿಮ್ಮ ಕಡೆ ಒಂದ ವಾಚನಾಲಯದಾಗ ಕೋಣ ಹೊಕ್ಕಿತ್ತಂತಲ್ರಿ. ಪೇಪರ್ ಓದಾಕತ್ತಿದ್ದ ಒಬ್ಬ ಸಾಹೇಬನ್ನ ಎತ್ತಿ ಗ್ವಾಡಿಗೆ ಒಗಿತಂತ. ಪಾಪ, ಹೋದಾ."

"ಹೋದ್ನೇನ್ರಿ?" ಎಂದೆ.

"ಜಾಗಾದಾಗ. ಅಲ್ಲೆ ಅದೇನೋ ಮುದುಕರು ಹತ್ತಾಕ ಇಳಿಜಾರ ಕಟ್ಟ್ಯಾರಂತಲ್ರಿ, ಅದರ ಮ್ಯಾಲೆ ಬಂತಂತ. ಅದನ್ನ ಕೇಳಿ ನಾವೂ ನಮ್ಮೂರಾಗ ಅಂಥಾದ್ದೊಂದ ಮಾಡ್ಸ್ರಿ ಅಂತ ಪಂಚಾಯ್ತಿಗೆ ಗಂಟ ಬಿದ್ದೇವ್ರಿ. ನಮ್ಮವ್ವಗ ಮೊಣಕಾಲ ಸಾಗಂಗಿಲ್ಲ, ಓದೂ ಹುಚ್ಚ ಭಾಳ."

ಪೂರ್ತಿ ನಿಜ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕತೆ ಕೆಲಸ ಮಾಡುತ್ತಿರುವಾಗ ನಡುವೆ ಹೆಣ ಎದ್ದು ಕೂರಬಾರದು. "ಆ ಸಾಹೇಬ ಮನುಷ್ಯ ಹೆಂಗಿದ್ನಂತ್ರಿ?" ಎಂದು ಮಾತ್ರ ಕೇಳಿದೆ.

"ಛಲೋ ಇದ್ನಂತ್ರಿ," ಎಂದರು ಅವರು, ಸ್ವಲ್ಪ ಯೋಚಿಸಿ. "ಮಾತ ಒಂದ ಜರಾ ಜಾಸ್ತಿ."