ಎರಡನೇ ಗೇರು

ದುಡಿದು ದಣಿಯುವವರನ್ನು ನಾನು ನೋಡಿದ್ದೇನೆ. ನನ್ನ ಜಾತಿ ಬೇರೆ. ನಾನು ಹಾಸಿಗೆಯಿಂದ ಏಳುವಾಗಲೇ ದಣಿದಿರುತ್ತೇನೆ. ಆ ದಣಿವನ್ನು ದಿನವಿಡೀ ಹೊತ್ತು ತಿರುಗಿ, ಸಂಜೆ ಮನೆಗೆ ತಂದು ಇಳಿಸಿ, ಬೆಳಿಗ್ಗೆ ಅದನ್ನೇ ಮತ್ತೆ ಎತ್ತಿಕೊಳ್ಳುತ್ತೇನೆ. ಇಂಥವನಿಗೆ ಹೊಸತು ಎಂಬ ಮಾತು ಕಿವಿಗೆ ಬಿದ್ದರೇ ಸುಸ್ತು. ಹೊಸ ಚಪ್ಪಲಿ ಕಚ್ಚುತ್ತದೆ, ಹೊಸ ಸಾಹೇಬರು ಹಳೆಯ ಫೈಲು ಕೇಳುತ್ತಾರೆ, ಹೊಸ ಅಕ್ಕಿ ಮುದ್ದೆಯಾಗುತ್ತದೆ. ಅದಕ್ಕೇ ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ನಮ್ಮ ಬಸ್ ಕಂಪನಿಯವರು ಹಳೆಯ ಬಸ್ಸುಗಳನ್ನೆಲ್ಲ ನಿಲ್ಲಿಸಿ ಹೊಸ ಬಸ್ಸು ಬಿಡುತ್ತಾರಂತೆ ಎಂಬ ಸುದ್ದಿ ಬಂದಾಗ ಊರೆಲ್ಲ ಹಿಗ್ಗಿದರೆ ನಾನೊಬ್ಬ ಆಕಳಿಸಿದೆ.

ನನ್ನ ಮನೆ ಇದ್ದದ್ದು ಕೊಪ್ಪ ದಾಟಿ ಮೂರು ಮೈಲಿ ಆಚೆ, ರಸ್ತೆಯಿಂದ ಸ್ವಲ್ಪ ಕೆಳಗೆ. ಗುಮಾಸ್ತಿಕೆ ನರಸಿಂಹರಾಜಪುರದಲ್ಲಿ. ಆ ಊರಿಗೆ ಒಂದು ಕಾಲದಲ್ಲಿ ತರೀಕೆರೆ ಕಡೆಯಿಂದ ಪುಟ್ಟ ರೈಲು ಬರುತ್ತಿತ್ತಂತೆ. ನಮ್ಮ ಮಾವನವರು ಅದರ ವಿಷಯ ಎತ್ತಿದರೆ ಕಾಫಿ ಆರುವವರೆಗೂ ಬಿಡುತ್ತಿರಲಿಲ್ಲ. ಏರು ಬಂದಾಗ ಜನ ಇಳಿದು ಜೊತೆಗೇ ನಡೆದು, ಮುಂದೆ ಮತ್ತೆ ಹತ್ತುತ್ತಿದ್ದರು ಎಂದು ಅವರು ಹೇಳುವುದನ್ನು ನಾನು ಅರ್ಧ ಮಾತ್ರ ನಂಬುತ್ತಿದ್ದೆ. ಆ ರೈಲು ನನ್ನ ಪಾಲಿಗೆ ಸಿಗಲಿಲ್ಲ. ಸಿಕ್ಕಿದ್ದು ಶೃಂಗೇರಿಯಿಂದ ಹೊರಟು ಕೊಪ್ಪದ ಮೇಲೆ ಬರುವ ಖಾದರ್ ಸಾಹೇಬರ ಬಸ್ಸು. ಬಸ್ಸು ಕಂಪನಿಯದು. ಆದರೆ ಹದಿಮೂರು ವರ್ಷ ಸ್ಟೇರಿಂಗ್ ಹಿಡಿದವರು ಸಾಹೇಬರಾದ್ದರಿಂದ ಬಸ್ಸಿಗೆ ಅವರ ಹೆಸರೇ ನಿಂತಿತ್ತು. ಮಳೆ ಬಂದರೆ ಅದರೊಳಗೆ ಕೊಡೆ ಬಿಡಿಸಿ ಕೂರಬೇಕಿತ್ತು. ಬಾಗಿಲಿಗೆ ಚಿಲಕದ ಬದಲು ಹಗ್ಗ. ನಿಂತಲ್ಲೆಲ್ಲ ಕಂಡಕ್ಟರು ಡಬ್ಬಿ ಹಿಡಿದು ನೀರು ಹುಡುಕಿಕೊಂಡು ಹೋಗುತ್ತಿದ್ದರು. ಇಷ್ಟಾಗಿಯೂ ಆ ಬಸ್ಸಿನ ಮೇಲೆ ನನಗಿದ್ದ ಅಭಿಮಾನ ಅಷ್ಟಿಷ್ಟಲ್ಲ, ಏಕೆಂದರೆ ಅದು ನನ್ನಷ್ಟೇ ದಣಿದಿತ್ತು.

ನಮ್ಮ ಮನೆಯ ಗಡಿಯಾರ ಅದೇ ಬಸ್ಸು. ಗೋಡೆಯ ಮೇಲೆ ಇನ್ನೊಂದು ಇತ್ತು, ನಿಜ, ಆದರೆ ಅದನ್ನು ಸರಿಮಾಡುತ್ತಿದ್ದದ್ದೂ ಬಸ್ಸು ನೋಡಿಕೊಂಡೇ. ನಮ್ಮ ಸ್ಟಾಪಿಗೆ ಮುಂಚೆ ಒಂದು ಉದ್ದದ ಏರು. ಬಸ್ಸು ಅದರ ಬುಡಕ್ಕೆ ಬಂದಾಗ ಸಾಹೇಬರು ಗೇರು ಇಳಿಸುತ್ತಿದ್ದರು. ಆಗ ಹೊರಡುವ ನರಳಾಟ ಕಾಡು ದಾಟಿ ನಮ್ಮ ಅಡಿಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಹೆಂಡತಿ ಲಲಿತೆ ಒಲೆಯ ಮುಂದಿನಿಂದಲೇ "ಎರಡನೇ ಗೇರು ಬಿತ್ತು" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆ ಮಾತಿಗೆ ತಟ್ಟೆ ಬಿಟ್ಟೇಳು, ಕೈ ತೊಳೆ, ಅಂಗಿ ಹಾಕಿಕೋ ಎಂದು ಅರ್ಥ. ಬಸ್ಸು ಏರು ಹತ್ತಿ ಮುಗಿಸುವಷ್ಟರಲ್ಲಿ ನಾನು ಗುಂಡಿ ಹಾಕುತ್ತ ರಸ್ತೆಗೆ ತಲುಪುತ್ತಿದ್ದೆ. ನೆಂಟರ ಮನೆಯಲ್ಲೂ ನನ್ನನ್ನು ಹೊರಡಿಸಬೇಕಾದರೆ ಅವಳು ಕಿವಿಯ ಹತ್ತಿರ ಬಂದು ಎರಡನೇ ಗೇರು ಅನ್ನುವಳು. ಕೇಳಿದವರು ನಮ್ಮನ್ನು ಒಂಥರಾ ನೋಡುತ್ತಿದ್ದರು.

ಆಫೀಸಿಗೆ ನಾನು ತಲುಪುವುದು ಯಾವಾಗಲೂ ಕಾಲು ಗಂಟೆ ತಡ. ಹೆಡ್ ಗುಮಾಸ್ತರು ರಿಜಿಸ್ಟರ್ ಮುಂದೆ ತಳ್ಳಿದರೆ, ಕಾರಣದ ಜಾಗದಲ್ಲಿ ನಾನು 'ಬಸ್ಸು ತಡ' ಎಂದು ಬರೆಯುತ್ತಿದ್ದೆ. ಕಿಟಕಿಯಿಂದಲೇ ಆ ಬಸ್ಸನ್ನು ನೋಡುತ್ತಿದ್ದ ಅವರು ಬಾಯಿ ಬಿಡುತ್ತಿರಲಿಲ್ಲ. ಅದನ್ನು ನೋಡಿದ ಯಾರಿಗಾದರೂ ತಲುಪಿದ್ದೇ ಹೆಚ್ಚು ಅನ್ನಿಸುತ್ತಿತ್ತು. ಹೀಗೆ ಹದಿಮೂರು ವರ್ಷ ಒಂದೇ ಕಾರಣದಲ್ಲಿ ನನ್ನ ನೌಕರಿ ಸುಖವಾಗಿ ಸಾಗಿತ್ತು.

ಹೊಸ ಬಸ್ಸು ಬಂದದ್ದು ಒಂದು ಸೋಮವಾರ. ಹಿಂದಿನ ದಿನ ಕೊಪ್ಪದಲ್ಲಿ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದರಂತೆ. ಹಳೆಯದನ್ನು ಶೆಡ್ಡಿನ ಹಿಂದಕ್ಕೆ ತಳ್ಳಿದರು. ವಾರದೊಳಗೆ ಅದರ ಹಿಂದಿನ ಸೀಟು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಂಚಾಯಿತು. ಖಾದರ್ ಸಾಹೇಬರಿಗೆ ಹೊಸ ಖಾಕಿ ಕೊಟ್ಟು ಹೊಸ ಬಸ್ಸಿನ ಸ್ಟೇರಿಂಗಿಗೆ ಕೂರಿಸಿದರು. ಸೋಮವಾರ ನಾನು ಎರಡನೇ ದೋಸೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದೆ. ಗೇರು ಬೀಳಲಿಲ್ಲ. ನಾಲ್ಕನೆಯದೂ ಮುಗಿಯಿತು. ಬಸ್ಸು ಕೆಟ್ಟಿರಬೇಕು ಎಂದು ಸಮಾಧಾನದಿಂದ ಕಾಫಿ ಕುಡಿದು ರಸ್ತೆಗೆ ಹೋದರೆ, ನನ್ನ ಹಾಗೇ ನಾಲ್ಕೈದು ಜನ ಸ್ಟಾಪಿನಲ್ಲಿ ಪೆಚ್ಚಾಗಿ ನಿಂತಿದ್ದರು. ಎಲ್ಲರೂ ಅವರವರ ಮನೆಯಲ್ಲಿ ಕಿವಿಗೊಟ್ಟು ಕೂತಿದ್ದವರೇ. ಹೊಸ ಬಸ್ಸು ಉಸಿರೇ ಬಿಡದೆ ಏರು ಹತ್ತಿ, ಖಾಲಿ ಸ್ಟಾಪು ನೋಡಿ, ಹೊರಟುಹೋಗಿ ಅರ್ಧ ಗಂಟೆಯಾಗಿತ್ತು.

ಆಮೇಲಿನ ಬಸ್ಸು ಒಂದೂವರೆ ಗಂಟೆಯ ಮೇಲೆ. ಆಫೀಸು ತಲುಪಿ ಅಭ್ಯಾಸದಂತೆ 'ಬಸ್ಸು ತಡ' ಎಂದು ಬರೆದೆ. ಹೆಡ್ ಗುಮಾಸ್ತರು ಕಿಟಕಿಯಾಚೆ ಮಿರಮಿರ ಮಿಂಚುತ್ತ ನಿಂತಿದ್ದ ಹೊಸ ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು, ಕೆಂಪು ಶಾಯಿಯ ಪೆನ್ನು ತೆಗೆದರು. ಮಂಗಳವಾರ, ಬುಧವಾರವೂ ಇದೇ ಕಥೆ. ಕಿವಿಯನ್ನು ನಂಬಿದ ಮನುಷ್ಯ ಮೂರು ದಿನದಲ್ಲಿ ಕಣ್ಣನ್ನು ನಂಬಲು ಕಲಿಯುವುದಿಲ್ಲ. ಮೂರು ಕೆಂಪು ಗುರುತಿಗೆ ಒಂದು ಸಿ.ಎಲ್. ವಜಾ.

ನನಗೆ ವರ್ಷದಲ್ಲಿ ಉಳಿದಿದ್ದದ್ದೇ ಎರಡು ಸಿ.ಎಲ್. ಎರಡನ್ನೂ ಲಲಿತೆಗೆ ಮಾತು ಕೊಟ್ಟಿದ್ದೆ. ಅವಳ ಒಬ್ಬನೇ ತಮ್ಮನ ಮದುವೆ, ಹೆಣ್ಣಿನ ಮನೆ ನರಸಿಂಹರಾಜಪುರದಲ್ಲಿ. ಹಿಂದಿನ ದಿನವೇ ಬಾಳೆಹೊನ್ನೂರಿನ ಹತ್ತಿರದ ತವರಿಗೆ ಹೋಗಿ, ದಿಬ್ಬಣದ ಜೊತೆ ಬರಬೇಕು. ಗಂಡಿನ ಅಕ್ಕನಾಗಿ ಕಳಸ ಹಿಡಿದು ನಿಲ್ಲಬೇಕಾದವಳು ಅವಳೇ. ಮದುವೆ ಗೊತ್ತಾದ ದಿನದಿಂದ ಅವಳ ಬಾಯಲ್ಲಿ ಬೇರೆ ಮಾತಿರಲಿಲ್ಲ. ಒಂದು ರಜೆ ಹೋಯಿತು ಎಂದು ಮರುದಿನ ಬೆಳಿಗ್ಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ನೀನೊಬ್ಬಳೇ ಮೊದಲು ಹೋಗು ಎಂದೆ. ಅಳಿಯನನ್ನು ಬಿಟ್ಟು ಬಂದಳು ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ, ಮದುವೆಯ ದಿನ ಬೆಳಿಗ್ಗೆ ಒಟ್ಟಿಗೇ ನೇರ ಅಲ್ಲಿಗೆ ಹೋದರಾಯಿತು ಎಂದು ದೋಸೆ ಮಗುಚಿದಳು. ನನಗೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆಯಲ್ಲಿ ಇನ್ನೊಂದು ದೋಸೆ ತಿಂದೆ.

ಆ ಸಂಜೆಯೇ ನರಸಿಂಹರಾಜಪುರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಖಾದರ್ ಸಾಹೇಬರನ್ನು ಹಿಡಿದೆ. ಏರಿನ ಬುಡದಲ್ಲಿ ಒಂದು ಹಾರನ್ ಆದರೂ ಹೊಡೆಯಬಾರದೇ ಎಂದು ದೂರಿದೆ. ಹಳೆಯ ಬಸ್ಸು ತಡವಾದರೂ ಹೇಳಿ ಬರುತ್ತಿತ್ತು ಎಂದೆ. ಸಾಹೇಬರು ಲೋಟ ಕೆಳಗಿಟ್ಟರು.

"ರಾಯರೇ, ಹಳೇ ಗಾಡಿ ಲೇಟ್ ಇರ್ಲಿಲ್ಲ. ಏರಿನ ಬುಡಕ್ಕೆ ಕರೆಕ್ಟ್ ಟೈಮಿಗೇ ಬರ್ತಿತ್ತು. ಅಲ್ಲಿಂದ ನಿಮ್ಮನೆ ದಾರಿ ಕಾಣ್ತದಲ್ಲ, ನೋಡ್ತಿದ್ದೆ. ನೀವು ಬರೋದು ಕಾಣ್ದಿದ್ರೆ, ಮೂರರಲ್ಲಿ ಹತ್ತೋ ಏರನ್ನ ಎರಡಕ್ಕೆ ಹಾಕಿ ಹತ್ತಿಸ್ತಿದ್ದೆ. ಗಾಡಿ ಕೂಗಿದ್ರೆ ನಿಮಗೆ ಕೇಳ್ತದೆ ಅಂತ."

ದಿನಾಲೂ ಬೀಳುತ್ತಿತ್ತಲ್ಲ ಎರಡನೇ ಗೇರು ಎಂದೆ. ಹೌದು, ದಿನಾಲೂ ನೀವು ಕಾಣುತ್ತಿರಲಿಲ್ಲ ಎಂದರು ಸಾಹೇಬರು.

"ಈಗ ಆಗೂದಿಲ್ಲ ಮಾರಾಯ್ರೆ. ಇಲ್ಲಿ ಟೈಮ್ ಕೀಪರ್ ಗಡಿಯಾರ ಹಿಡ್ಕಂಡು ನಿಂತಿರ್ತಾನೆ. ನೀವೇ ಒಂಚೂರು ಬೇಗ ಹೊರಡಿ."

ಮದುವೆಯ ದಿನ ನಾನು ಬೇಗ ಹೊರಟೆ. ಬೇಗ ಹೊರಟವನಿಗೆ ಸಮಯ ಮಿಗುತ್ತದೆ, ಅದೇ ತೊಂದರೆ. ಲಲಿತೆ ರೇಷ್ಮೆ ಸೀರೆಯುಟ್ಟು ಬಾಗಿಲಿಗೆ ಬಂದು ಬನ್ನಿ ಎಂದಾಗ, ಇನ್ನೂ ಹದಿನೈದು ನಿಮಿಷ ಇದೆಯಲ್ಲ, ನೀನು ನಡೆಯುತ್ತಿರು, ನಾನು ಪಂಚೆ ಬದಲಿಸಿ ಬಂದೆ ಎಂದೆ. ಜರಿಯ ಪಂಚೆ ಪೆಟ್ಟಿಗೆಯ ತಳದಲ್ಲಿತ್ತು. ಅದರ ಮೇಲಿದ್ದ ಹಳೆಯ ಪತ್ರವೊಂದು ಯಾರದೆಂದು ನೋಡಿದೆ. ನಂತರ ಒಂದು ಗಳಿಗೆ ಕೂತೆ, ಒಂದೇ ಗಳಿಗೆ. ಮನೆಯೊಳಗೆ ಒಂದು ಸದ್ದೂ ಇರಲಿಲ್ಲ.

ನಾನು ದಾರಿಯ ಅರ್ಧಕ್ಕೆ ಬಂದಾಗ ಬಸ್ಸು ನಿಂತೇ ಇತ್ತು. ಲಲಿತೆ ಮೆಟ್ಟಿಲ ಮೇಲೆ ನಿಂತಿದ್ದಳು. ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿ, ಕೈಗಡಿಯಾರ ನೋಡಿದರು. ಕಂಡಕ್ಟರು ಸೀಟಿ ಬಾಯಿಗಿಟ್ಟು ಲಲಿತೆಯ ಮುಖ ನೋಡಿದರು. ನಾನು ಪಂಚೆ ಎತ್ತಿ ಹಿಡಿದು ಓಡುತ್ತಿದ್ದೆ. ಹಾಗೆ ಓಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಂತರ ಒಳಕ್ಕೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು.

"ಹೋಗ್ಲಿ ಸಾಹೇಬ್ರೇ, ಅವರು ಆಮೇಲಿನ ಬಸ್ಸಿಗೆ ಬರ್ತಾರೆ. ರೈಟ್."

ಬಸ್ಸು ಸದ್ದಿಲ್ಲದೆ ತಿರುವು ದಾಟಿತು. ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಏದುಸಿರು ಬಿಟ್ಟೆ. ಹದಿಮೂರು ವರ್ಷ ನನಗಾಗಿ ಕಾದವರು ಖಾದರ್ ಸಾಹೇಬರೊಬ್ಬರೇ ಅಲ್ಲ ಎನ್ನುವುದು ಆಗ ತಲೆಗೆ ಹೋಯಿತು. ಅವಳು ಸಮಯಕ್ಕೆ ತಲುಪಿ, ಕಳಸ ಹಿಡಿದು, ತಮ್ಮನ ಪಕ್ಕದಲ್ಲಿ ನಗುತ್ತ ನಿಂತಿದ್ದಳಂತೆ. ನಾನು ಹೋದಾಗ ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಆಮೇಲಿನ ಬಸ್ಸಿನ ಟೈರು ದಾರಿಯಲ್ಲಿ ಪಂಕ್ಚರಾಗಿ, ಆವತ್ತು ಅದು ನಿಜವಾಗಿಯೂ ಒಂದು ಗಂಟೆ ತಡವಾಗಿ ಬಂದಿತ್ತು. ಸಿಕ್ಕ ನೆಂಟರಿಗೆಲ್ಲ ಹೇಳಿ ನೋಡಿದೆ. ಒಬ್ಬರೂ ನಂಬಲಿಲ್ಲ.